ಬೆಳಕು ನೋಡಲು ತೆಗೆದದ್ದು

ಹಳೆಯ ಫೋಟೋ ಲೈಬ್ರರಿಯನ್ನು ಅಳಿಸಿ, ಕಸದ ಬುಟ್ಟಿಯನ್ನೂ ಬರಿದು ಮಾಡಿ, ನೀಲಾವತಿ ಕಂಪ್ಯೂಟರಿನಲ್ಲಿ ಎಷ್ಟು ಜಾಗ ಉಳಿದಿದೆಯೆಂದು ತೋರಿಸುವ ಪಟ್ಟಿಯನ್ನು ಇನ್ನೊಮ್ಮೆ ತೆರೆದಳು. ಪಟ್ಟಿ ಕೆಂಪಗೆ ಇದ್ದ ಹಾಗೇ ಇತ್ತು. ಉಳಿದ ಜಾಗ ಮೂರು ಜಿಬಿ. ಅಳಿಸುವ ಮೊದಲೂ ಮೂರೇ ಇತ್ತು.

ಅವಳು ಮೌಸ್ ಬಿಟ್ಟು ಅಂಗೈಗಳನ್ನು ಸೀರೆಗೆ ಒರೆಸಿಕೊಂಡಳು. ಅಳಿಸಿದ್ದು ಸಣ್ಣದೇನಲ್ಲ, ಎಂಟುನೂರ ಇಪ್ಪತ್ತು ಜಿಬಿ. ಇಪ್ಪತ್ತು ವರ್ಷಗಳ ಮದುವೆ, ಗೃಹಪ್ರವೇಶ, ನಾಮಕರಣ, ಜ್ಞಾನಸ್ನಾನ ಎಲ್ಲ ಅದರಲ್ಲಿದ್ದವು. ಕೊಡಪಾನ ಬಗ್ಗಿಸಿ ನೀರೆಲ್ಲ ಚೆಲ್ಲಿದ ಮೇಲೂ ಕೊಡಪಾನ ಮೊದಲಿನಷ್ಟೇ ಭಾರವಿದ್ದರೆ ಹೇಗೋ ಹಾಗಾಯಿತು. ತಕ್ಷಣ ಹೊಸ ಸಾಫ್ಟ್‌ವೇರನ್ನು ತೆರೆದು ನೋಡಿದಳು. ಫೋಟೋಗಳೆಲ್ಲ ಅಲ್ಲಿದ್ದವು, ಒಂದೂ ಕಡಿಮೆಯಾಗಿರಲಿಲ್ಲ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಹಾಗಾದರೆ ತಾನು ಅಳಿಸಿದ್ದು ಯಾವುದನ್ನು?

ಕಡಬ ಪೇಟೆಯಲ್ಲಿ ಮೆಡಿಕಲ್ ಅಂಗಡಿಯ ಮಾಳಿಗೆಯ ಮೇಲಿರುವ ಆ ಕೋಣೆಗಳನ್ನು ಜನ ಅಚ್ಚುತಣ್ಣನ ಸ್ಟುಡಿಯೋ ಎನ್ನುತ್ತಾರೆ. ಬೋರ್ಡಿನಲ್ಲಿ ಬೇರೆ ಹೆಸರಿದೆ, ಓದಿದವರು ಕಡಿಮೆ. ನೀಲಾವತಿಯ ಗಂಡ ಅಚ್ಚುತ, ಸುಳ್ಯದ ಆಲೆಟ್ಟಿಯಿಂದ ಇಪ್ಪತ್ತಾರು ವರ್ಷ ಹಿಂದೆ ಅವಳನ್ನು ಕರೆದುಕೊಂಡು ಬಂದು ಇಲ್ಲಿ ಬಾಗಿಲು ತೆರೆದವನು. ಫೋಟೋ ತೆಗೆಯುವುದು ಅವನ ಕೆಲಸ. ತೆಗೆದ ಮೇಲಿನದ್ದೆಲ್ಲ ಅವಳದು. ಸಾವಿರದಲ್ಲಿ ಇನ್ನೂರನ್ನು ಆರಿಸುವುದು, ಕಣ್ಣು ಮುಚ್ಚಿದವರನ್ನೂ ಬಾಯಲ್ಲಿ ತುತ್ತಿದ್ದವರನ್ನೂ ಬದಿಗಿಡುವುದು, ಬಣ್ಣ ತಿದ್ದುವುದು, ಆಲ್ಬಮ್ ಕಟ್ಟುವುದು. ಕಂಪ್ಯೂಟರಿನ ಕುರ್ಚಿಯಲ್ಲಿ ಅಚ್ಚುತ ಕೂತವನೇ ಅಲ್ಲ. ಆದರೂ ಅಲ್ಲಿ ಅವನದೊಂದು ಕಟ್ಟಳೆ ನಡೆಯುತ್ತಿತ್ತು. ಏನನ್ನೂ ಅಳಿಸಬಾರದು. ರೀಲಿನ ಕಾಲದಿಂದ ಬಂದವನು. ನೆಗೆಟಿವನ್ನು ಯಾರಾದರೂ ಎಸೆಯುತ್ತಾರೆಯೇ ಎಂದು ಕೇಳುತ್ತಿದ್ದ.

ಹಳೆಯ ಸಾಫ್ಟ್‌ವೇರ್‌ ಹದಿನಾಲ್ಕು ವರ್ಷ ಅವಳ ಕೈಯಲ್ಲಿ ಪಳಗಿತ್ತು. ಒಳ್ಳೆಯ ಫೋಟೋಗೆ ಒಂದು ನಕ್ಷತ್ರ ಒತ್ತಿಟ್ಟರೆ ಎಷ್ಟು ವರ್ಷ ಕಳೆದು ಕೇಳಿದರೂ ಅದನ್ನೇ ತೆಗೆದು ಮುಂದಿಡುತ್ತಿತ್ತು. ಕಳೆದ ತಿಂಗಳು ಒಂದು ಬೆಳಿಗ್ಗೆ ಅದು ತೆರೆಯಲೇ ಇಲ್ಲ. ಕಂಪ್ಯೂಟರನ್ನು ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಪುತ್ತೂರಿನ ಅಲಿ ಕುಂಞಿಯ ಅಂಗಡಿಗೆ ಹೋಗಿದ್ದಳು. ಅಲಿ ಕುಂಞಿ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವನು, ಕಾಲಕ್ಕೆ ಸರಿಯಾಗಿ ಟಿವಿಗೂ ಅಲ್ಲಿಂದ ಕಂಪ್ಯೂಟರಿಗೂ ದಾಟಿಕೊಂಡವನು. ಹಳೆಯದರ ಕಾಲ ಮುಗಿಯಿತೆಂದು ಹೇಳಿ ಅವನು ಹೊಸದನ್ನು ಹಾಕಿ, ಫೋಟೋಗಳನ್ನೆಲ್ಲ ಅದಕ್ಕೆ ದಾಟಿಸಿ ಕೊಟ್ಟ. ಮನೆಗೆ ತಂದು ನೋಡಿದರೆ ನಕ್ಷತ್ರಗಳು ಒಂದೂ ಇರಲಿಲ್ಲ. ಹದಿನಾಲ್ಕು ವರ್ಷ ಮೊರದಲ್ಲಿ ಕೇರಿ ಬೇರೆ ಮಾಡಿದ ಅಕ್ಕಿಯೂ ಹೊಟ್ಟೂ ತಾರೀಕಿನ ಪ್ರಕಾರ ಒಂದೇ ರಾಶಿಯಾಗಿ ಬಿದ್ದಿದ್ದವು. ಅದನ್ನು ಅವಳು ಅಚ್ಚುತನಿಗೆ ಹೇಳಿರಲಿಲ್ಲ. ಹೇಳಿದರೆ ಅರ್ಥವಾಗುತ್ತಿರಲಿಲ್ಲ ಎನ್ನುವುದಕ್ಕಿಂತ, ತನಗೇ ಅದು ಎಷ್ಟು ದೊಡ್ಡ ನಷ್ಟವೆಂದು ಅಂದಾಜು ಸಿಕ್ಕಿರಲಿಲ್ಲ.

ಈಗ ಅವಸರ ಬಂದದ್ದು ಬೇರೆ ಕಾರಣಕ್ಕೆ. ಸೋಮವಾರ ಕೋಡಿಂಬಾಳದಲ್ಲಿ ವತ್ಸಮ್ಮನ ಮಗಳು ಲಿನ್ಸಿಯ ಮದುವೆಯಾಗಿತ್ತು. ಅದರ ಫೋಟೋಗಳೆಲ್ಲ ಇನ್ನೂ ಕ್ಯಾಮರಾದ ನಾಲ್ಕು ಕಾರ್ಡುಗಳಲ್ಲೇ ಕೂತಿದ್ದವು, ಕಂಪ್ಯೂಟರಿಗೆ ಇಳಿಸಲು ಜಾಗವಿಲ್ಲ. ನಾಳೆ ಭಾನುವಾರ ಇಚಿಲಂಪಾಡಿಯಲ್ಲಿ ಗೃಹಪ್ರವೇಶ, ಅದಕ್ಕೆ ಆ ಕಾರ್ಡುಗಳೇ ಆಗಬೇಕು. ನಿನ್ನೆ ವತ್ಸಮ್ಮ ಮೆಟ್ಟಿಲು ಹತ್ತಿ ಬಂದು, ಮಗಳು ಅಳಿಯ ಬುಧವಾರ ರಾತ್ರಿ ಹೊರಡುತ್ತಾರೆ, ಹೊರಡುವ ಮೊದಲು ಒಮ್ಮೆ ನೋಡಬೇಕಂತೆ ಎಂದು ಮೆತ್ತಗೆ ಹೇಳಿ, ಬೆಂಚಿನಲ್ಲಿ ಒಂದು ಗಂಟೆ ಕೂತು ಹೋಗಿದ್ದಳು.

ಅಲಿ ಕುಂಞಿ ಎರಡನೇ ಸಲಕ್ಕೆ ಫೋನ್ ಎತ್ತಿದ. ನೀಲಾವತಿ ನಡೆದದ್ದನ್ನು ಹೇಳಿದಳು. ಅವನೇ ಅಲ್ಲವೇ, ಹೊಸದು ಸರಿಯಾದ ಮೇಲೆ ಹಳೆಯದನ್ನು ಅಳಿಸಬಹುದು ಎಂದದ್ದು. ಅದು ಎಂಟುನೂರಿಪ್ಪತ್ತು, ಇದು ಎಂಟುನೂರಿಪ್ಪತ್ತು ಎಂದು ಕಂಪ್ಯೂಟರೇ ತೋರಿಸುತ್ತಿತ್ತಲ್ಲ. ಒಂದು ಹೋದರೆ ಅರ್ಧ ಖಾಲಿಯಾಗಬೇಡವೇ?

"ಅಕ್ಕ, ಅದು ಎರಡು ಇರ್ಲಿಲ್ಲ," ಎಂದ. "ಒಂದೇ ಮನೆಗೆ ಪಂಚಾಯತಿನವರು ಎರಡು ನಂಬರ್ ಹಾಕಿದ ಹಾಗೆ. ಒಂದು ನಂಬರ್ ಕಿತ್ತರೆ ಮನೆ ಸಣ್ಣ ಆಗುದಿಲ್ಲ."

"ಹಾಗಾದ್ರೆ ಎಂಟುನೂರು, ಎಂಟುನೂರು ಅಂತ ಎರಡೂ ಕಡೆ ತೋರಿಸಿದ್ದು ಸುಳ್ಳಾ?"

"ಸುಳ್ಳಲ್ಲ. ಎರಡೂ ಸರಿಯೇ. ಕೂಡಿಸಿದ್ದು ನಾವು."

ಅವಳಿಗೆ ಅದು ಅರ್ಧ ಅರ್ಥವಾಯಿತು, ಅರ್ಧ ಮತ್ತೂ ಗೋಜಲಾಯಿತು. ಹೊಸ ಡಿಸ್ಕ್ ತರಿಸಿದರೂ ಮಂಗಳೂರಿನಿಂದ ಬರುವುದು ಮಂಗಳವಾರ, ಅಲ್ಲಿಯವರೆಗೆ ಬೇಡದ ಫೋಟೋ ಒಂದಿಷ್ಟು ತೆಗೆದು ಸುಧಾರಿಸಿ ಎಂದು ಅಲಿ ಕುಂಞಿ ಹೇಳಿದ.

ಒಳಕೋಣೆಯಲ್ಲಿ ಅಚ್ಚುತ ನಾಳೆಗೆ ಬ್ಯಾಟರಿಗಳನ್ನು ಚಾರ್ಜಿಗೆ ಹಾಕುತ್ತಿದ್ದ. ಅವಳು ಬಾಗಿಲಲ್ಲಿ ನಿಂತು, ಏನಾದರೂ ಅಳಿಸದೆ ಗತಿಯಿಲ್ಲ ಎಂದಳು. ಮನೆಯಲ್ಲಿ ಅವರದು ಸುಳ್ಯದ ಕಡೆಯ ಅರೆಭಾಷೆ. ಸ್ಟುಡಿಯೋದೊಳಗೆ ಗಿರಾಕಿಗಳೆದುರು ಆಡಿ ಆಡಿ, ಇಬ್ಬರೇ ಇದ್ದಾಗಲೂ ಕನ್ನಡವೇ ರೂಢಿ. ಅವನು ಅವಳ ಕಡೆ ತಿರುಗದೆ ಯೋಚಿಸಿದ. ಮದುವೆಯವರದ್ದು ಯಾವುದನ್ನೂ ಮುಟ್ಟುವುದು ಬೇಡ ಎಂದ. ಆಮೇಲೆ, ಬಹಳ ಸುಲಭದ ದಾರಿ ಹೊಳೆದವನ ಹಾಗೆ, "ಟೆಸ್ಟ್ ಫೋಟೋ ಎಲ್ಲ ತೆಗಿ ನೀಲಾ. ಅದರಲ್ಲಿ ಎಂತ ಉಂಟು?" ಎಂದ.

ಟೆಸ್ಟ್ ಫೋಟೋ ಎಂದರೆ ಬೆಳಕು ನೋಡಲು ತೆಗೆಯುವುದು. ಮಂಟಪದಲ್ಲಿ ಮದುಮಗಳು ಬಂದು ನಿಲ್ಲುವ ಮೊದಲು, ಅವಳು ನಿಲ್ಲಬೇಕಾದ ಜಾಗದಲ್ಲಿ ನೀಲಾವತಿ ನಿಲ್ಲುತ್ತಾಳೆ. ಅಚ್ಚುತ ಒಂದು ಒತ್ತಿ, ಕ್ಯಾಮರಾದ ಬೆನ್ನಿಗೆ ಕಣ್ಣಿಟ್ಟು ನೋಡಿ, ಲೈಟಿನ ಕೊಡೆ ಸ್ವಲ್ಪ ಕೆಳಗೆ ಅನ್ನುತ್ತಾನೆ, ಇನ್ನೊಂದು ಒತ್ತುತ್ತಾನೆ. ಮೂರರಲ್ಲಿ ಸರಿಯಾಗುತ್ತದೆ. ಅವಳು ಬದಿಗೆ ಸರಿದು ಮದುಮಗಳ ಸೆರಗಿಗೆ ಪಿನ್ನು ಹಾಕಲು ಹೋಗುತ್ತಾಳೆ. ಕಂಪ್ಯೂಟರಿಗೆ ಇಳಿಸಿದಾಗ ಆ ಮೊದಲ ಮೂರು ಫೋಟೋಗಳನ್ನು ಅವಳು ನೋಡದೆ ದಾಟಿಸಿಬಿಡುತ್ತಿದ್ದಳು. ಪಂಪಿನಲ್ಲಿ ಮೊದಲು ಬರುವ ಕೆಸರು ನೀರನ್ನು ಯಾರು ನೋಡುತ್ತಾರೆ.

ಇಪ್ಪತ್ತು ವರ್ಷದ ರಾಶಿಯಲ್ಲಿ ಅವುಗಳನ್ನು ಹುಡುಕುವುದು ಹೇಗೆಂದು ತಿಳಿಯಲಿಲ್ಲ. ಆಗ ಹೊಸ ಸಾಫ್ಟ್‌ವೇರಿನಲ್ಲಿ ಜನರ ಮುಖಗಳನ್ನು ಬೇರೆ ಬೇರೆ ಗುಂಪು ಮಾಡಿಟ್ಟ ಪುಟ ಕಣ್ಣಿಗೆ ಬಿತ್ತು. ಅದು ಯಾರೂ ಹೇಳದೆಯೇ ತಿಂಗಳಿಡೀ ಆ ಕೆಲಸ ಮಾಡಿಕೊಂಡಿತ್ತು. ಬಳೆಯಷ್ಟು ದೊಡ್ಡ ವೃತ್ತಗಳಲ್ಲಿ ಊರವರ ಮುಖಗಳು. ಪುರೋಹಿತರು ಮುನ್ನೂರು ಚಿಲ್ಲರೆ ಫೋಟೋಗಳಲ್ಲಿದ್ದರು, ಅಡುಗೆಯ ಸೇವಂತಿ ಅಕ್ಕ ಎಂಬತ್ತರಲ್ಲಿದ್ದಳು. ಎಲ್ಲಕ್ಕಿಂತ ಮೇಲೆ, ಮೊದಲನೆಯ ವೃತ್ತದಲ್ಲಿ, ಹೆಸರಿಲ್ಲದ ಒಬ್ಬ ಹೆಂಗಸು. ಕೆಳಗೆ ಅಂಕೆ ನಾಲ್ಕು ಸಾವಿರದ ಮುನ್ನೂರ ಹದಿನಾರು.

ಯಾರಪ್ಪಾ ಇವಳು ಎಂದುಕೊಂಡದ್ದು ಒಂದು ಕ್ಷಣ ಮಾತ್ರ. ಆ ಒಂದು ಕ್ಷಣ ಯೋಚಿಸಿದ್ದು ಮಾತ್ರ ಅವಳಿಗೆ ಆಮೇಲೂ ನೆನಪಾಗುತ್ತಿತ್ತು.

ಒತ್ತಿದಳು. ಪರದೆ ತುಂಬ ತಾನೇ. ಖಾಲಿ ಮಂಟಪಗಳ ಮುಂದೆ, ಬಾಳೆಕಂಬಗಳ ನಡುವೆ, ಚರ್ಚಿನ ಮೆಟ್ಟಿಲ ಮೇಲೆ, ಹೊಸ ಮನೆಗಳ ಬಾಗಿಲಲ್ಲಿ. ಹೆಗಲ ಮೇಲೆ ವಯರಿನ ಸುರುಳಿ, ತುಟಿಗಳ ನಡುವೆ ಪಿನ್ನು, ನೂಲಿನ ಸೀರೆ. ಸುತ್ತ ಯಾರೂ ಇಲ್ಲ. ಮೊದಲ ಸಾಲುಗಳಲ್ಲಿ ಕೆನ್ನೆ ತುಂಬಿಕೊಂಡಿದ್ದ ಇಪ್ಪತ್ತೆಂಟರ ಹೆಂಗಸು, ಕೆಳಗೆ ಇಳಿದಂತೆ ಕನ್ನಡಕ ಬಂತು, ಬೈತಲೆ ಅಗಲವಾಯಿತು. ಮನೆಯಲ್ಲಿ ಅವಳದೆಂದು ಇದ್ದದ್ದು ಮದುವೆಯ ಆಲ್ಬಮ್ ಮತ್ತು ರೇಷನ್ ಕಾರ್ಡಿನದೊಂದು. ಚಮ್ಮಾರನ ಮನೆಯವರಿಗೆ ಚಪ್ಪಲಿಯಿಲ್ಲ ಎಂದು ಮಗಳು ಯಶಸ್ವಿ ನಗಾಡುತ್ತಿದ್ದಳು. ಇಲ್ಲಿ ನೋಡಿದರೆ ಕಡಬದಲ್ಲಿ ಇಷ್ಟು ಸಲ ಫೋಟೋ ತೆಗೆಸಿಕೊಂಡವರು ಬೇರೆ ಯಾರೂ ಇರಲಿಕ್ಕಿಲ್ಲ. ಎಲ್ಲದರಲ್ಲೂ ಬೆಳಕು ಮುಖದ ಮೇಲೆ ಸರಿಯಾಗಿ ಬಿದ್ದಿತ್ತು.

ಅಷ್ಟರಲ್ಲಿ ಸಾಫ್ಟ್‌ವೇರ್ ಒಂದು ಪ್ರಶ್ನೆ ಕೇಳಿತು. ಎರಡು ಮುಖಗಳನ್ನು ಅಕ್ಕಪಕ್ಕ ಇಟ್ಟು, ಇವರಿಬ್ಬರೂ ಒಬ್ಬರೇ ಹೌದೇ ಎಂದಿತು. ಬಲಗಡೆಯದು ಹೋದ ವರ್ಷದ್ದು. ಎಡಗಡೆಯ ಹೆಂಗಸಿನ ಕಣ್ಣುಗಳು ಬಾತುಕೊಂಡಿದ್ದವು, ಕೆಳಗೆ ಗುಂಡಿ ತೋಡಿದಂಥ ಕಪ್ಪು, ತುಟಿ ಒಣಗಿತ್ತು. ಹೌದು, ಅಲ್ಲ, ಖಚಿತವಿಲ್ಲ ಎಂದು ಮೂರು ಗುಂಡಿಗಳಿದ್ದವು. ನೀಲಾವತಿ ಖಚಿತವಿಲ್ಲ ಎಂಬುದನ್ನು ಒತ್ತಿದಳು.

ಒತ್ತಿದ ಮೇಲೆ ಆ ಎಡಗಡೆಯದರ ತಾರೀಕು ನೋಡಿದಳು. ೨೦೦೬ರ ಡಿಸೆಂಬರ್ ೧೪. ಪಂಜದಲ್ಲೊಂದು ಮದುವೆ. ಯಶಸ್ವಿಯ ಬೆನ್ನಿಗೆ, ಬಸಿರು ಏಳು ತಿಂಗಳಿರುವಾಗಲೇ ಹುಟ್ಟಿದ ಗಂಡುಮಗು ಮಂಗಳೂರಿನ ಆಸ್ಪತ್ರೆಯಲ್ಲಿ ಒಂಬತ್ತು ದಿನವಿದ್ದು ಹೋಗಿ, ಹದಿನಾರು ದಿನವಾಗಿತ್ತು. ಒಪ್ಪಿಕೊಂಡ ಮದುವೆ ಎಂದು ಹೋಗಿದ್ದರು. ಆ ದಿನದ್ದು ಅವಳಿಗೆ ಏನೂ ನೆನಪಿರಲಿಲ್ಲ. ಮಗುವಿನ ಫೋಟೋ ಇಲ್ಲ. ಅಚ್ಚುತ ಆಸ್ಪತ್ರೆಗೆ ಕ್ಯಾಮರಾ ಒಯ್ಯಲಿಲ್ಲ, ಅವಳು ಕೇಳಲಿಲ್ಲ.

ಅವತ್ತು ಟೆಸ್ಟ್ ಫೋಟೋ ಮೂರಲ್ಲ, ಹನ್ನೊಂದು ಇದ್ದವು.

ಅವಳು ಒಂದೊಂದಾಗಿ ದೊಡ್ಡದು ಮಾಡಿ ನೋಡಿದಳು. ಎರಡನೆಯದರಲ್ಲಿ ಬೆಳಕಿನ ಕೊಡೆ ಕೆಳಗಿಳಿದಿತ್ತು, ಮೂರನೆಯದರಲ್ಲಿ ಎಡಕ್ಕೆ ಬಂದಿತ್ತು, ಕಣ್ಣ ಕೆಳಗಿನ ಕಪ್ಪು ತುಸು ತೆಳುವಾಗಿತ್ತು. ಏಳನೆಯದಕ್ಕೂ ಎಂಟನೆಯದಕ್ಕೂ ನಡುವೆ ಆರು ನಿಮಿಷ. ಎಂಟನೆಯದರಲ್ಲಿ ಅವಳ ಮುಖ ಒದ್ದೆಯಾಗಿತ್ತು, ಹಣೆಯ ಕೂದಲಿಗೆ ನೀರಹನಿಗಳು ಅಂಟಿದ್ದವು. ಹನ್ನೊಂದನೆಯದರಲ್ಲಿ ಕಪ್ಪು ಇರಲೇ ಇಲ್ಲ. ಆ ಮುಖ ನೋಡಿದರೆ ಯಾವ ಮನೆಯಲ್ಲೂ ಏನೂ ಆಗಿಲ್ಲ ಎನ್ನಬೇಕು. ಹನ್ನೊಂದರಲ್ಲೂ ಅವಳು ನೇರ ಕ್ಯಾಮರಾವನ್ನೇ ನೋಡುತ್ತಿದ್ದಳು. ಮುಖ ತೊಳೆದದ್ದು ನೆನಪಿಲ್ಲ. ತೊಳೆಯಲು ಯಾರು ಹೇಳಿದರು, ನೀರು ಯಾರು ಕೊಟ್ಟರು, ಆ ಆರು ನಿಮಿಷ ಇಬ್ಬರೂ ಏನು ಮಾಡಿದರು, ಒಂದೂ ಗೊತ್ತಿಲ್ಲ. ಮದುಮಗಳು ಆಗ ಎಲ್ಲಿದ್ದಳು? ಮುಹೂರ್ತಕ್ಕೆ ತಡವಾಗಲಿಲ್ಲವೇ?

ಅವಳು ಆ ಪುಟಕ್ಕೆ ಹಿಂತಿರುಗಿ, ನಾಲ್ಕು ಸಾವಿರದ ಮುನ್ನೂರ ಹದಿನಾರನ್ನೂ ಒಟ್ಟಿಗೆ ಆರಿಸಿ ಅಳಿಸುವ ಗುಂಡಿಯನ್ನು ಒತ್ತಿದಳು. ಯಾಕೆ ಅಷ್ಟು ಬೇಗ ಒತ್ತಿದಳೆಂದು ಅವಳಿಗೇ ತಿಳಿಯಲಿಲ್ಲ. ಪರದೆ ಬರಿದಾಯಿತು. ಜಾಗದ ಪಟ್ಟಿ ತೆರೆದರೆ ಮತ್ತೆ ಅದೇ ಮೂರು ಜಿಬಿ. ಈ ಸಲ ಗಾಬರಿಯಾಗುವ ಬದಲು ಒಂಥರಾ ನಗು ಬಂತು. ಹುಡುಕಿದಾಗ ಗೊತ್ತಾಯಿತು, ಅಳಿಸಿದ್ದನ್ನು ಹೊಸ ಸಾಫ್ಟ್‌ವೇರ್ ಮೂವತ್ತು ದಿನ ಬೇರೊಂದು ಕಡೆ ಕೂಡಿ ಹಾಕಿಕೊಳ್ಳುತ್ತದೆ. ಅಲ್ಲಿಂದಲೂ ತೆಗೆದರೆ ಮಾತ್ರ ಹೋದದ್ದು ಹೋದಂತೆ.

ಮಧ್ಯಾಹ್ನ ಬುತ್ತಿ ಬಿಚ್ಚಿ ಇಬ್ಬರೂ ಒಳಕೋಣೆಯಲ್ಲಿ ಊಟಕ್ಕೆ ಕೂತರು. ಅಚ್ಚುತ ಜಾಗ ಆಯಿತೇ ಎಂದು ವಿಚಾರಿಸಿದ. ಅವಳು ಮಜ್ಜಿಗೆ ಬಡಿಸುತ್ತ, ಪಂಜದ ಆ ಮದುವೆಯಲ್ಲಿ ಬೆಳಕು ನೋಡಲು ಹನ್ನೊಂದು ಫೋಟೋ ತೆಗೆದಿದ್ದೀರಿ ಎಂದಳು. ಯಾವ ಮದುವೆ ಎಂದು ಅವನು ಕೇಳಿದ. ಮಗು ತೀರಿಹೋದ ಮರುತಿಂಗಳಿನದು ಎಂದಳು. ಆ ಮಾತನ್ನು ಅವರಿಬ್ಬರ ನಡುವೆ ಯಾರಾದರೂ ಎತ್ತಿ ಎಷ್ಟು ವರ್ಷಗಳಾಗಿತ್ತೋ. ಅವನ ಕೈ ತಟ್ಟೆಯಲ್ಲೇ ನಿಂತಿತು.

"ಬೆಳಕು ಸರಿ ಬಂದಿರ್ಲಿಕ್ಕಿಲ್ಲ," ಎಂದ.

"ಒಂದರಲ್ಲಿ ನನ್ನ ಮುಖ ಚಂಡಿಯಾಗಿದೆ. ತೊಳೆದ ಹಾಗೆ."

"ತೊಳ್ಕೊಂಡು ಬಾ ಅಂತ ಹೇಳಿರ್ಬೇಕು. ಬೆವರು ಹೊಳೆದ್ರೆ ಬೆಳಕು ಗೊತ್ತಾಗುದಿಲ್ಲ."

"ಡಿಸೆಂಬರಲ್ಲಿ ಬೆವರಾ?"

ಅವನು ಮಜ್ಜಿಗೆಯನ್ನು ಅನ್ನಕ್ಕೆ ಕಲಸತೊಡಗಿದ. ಅವಳು ಕಾದಳು. ಕೆಳಗೆ ಮೆಡಿಕಲ್ ಅಂಗಡಿಯವನು ಯಾರಿಗೋ ಮಾತ್ರೆ ಊಟಕ್ಕೆ ಮೊದಲೇ ನಂತರವೇ ಎಂದು ಎರಡೆರಡು ಸಲ ಹೇಳುವುದು ಕೇಳಿಸುತ್ತಿತ್ತು.

"ನನ್ನ ಮುಖ ಆಗ ಹೇಗಿತ್ತು ಅಂತ ನಿಮಗೆ ನೆನಪುಂಟಾ?"

"ನಾನು ಮುಖ ನೋಡುದಿಲ್ಲ ಮಾರಾಯ್ತಿ," ಎಂದ ಅಚ್ಚುತ. ಸಿಟ್ಟಿನಿಂದಲ್ಲ, ಲೆಕ್ಕ ಹೇಳಿಕೊಡುವ ಮಾಸ್ತರನ ಹಾಗೆ ನಿಧಾನವಾಗಿ. "ಮುಖದ ಮೇಲೆ ಬಿದ್ದದ್ದನ್ನು ನೋಡುದು." ಆಮೇಲೆ ಮನೆಯ ಮಾತಾದ ಅರೆಭಾಷೆಗೆ ತಿರುಗಿದ. "ಎಂತ ಆತ್ ನಿಂಗೆ ಇಂದ್?"

ಏನಾಯಿತೆಂದು ಅವಳಿಗೆ ತಿಳಿದಿದ್ದರಲ್ಲವೇ ಹೇಳುವುದು. ಇಪ್ಪತ್ತು ವರ್ಷ ಇವನು ತನ್ನನ್ನು ನೋಡಲೇ ಇಲ್ಲ ಎಂದು ದುಃಖಪಡಬೇಕೋ, ಮೂರರಲ್ಲಿ ಮುಗಿಸುವವನು ಹನ್ನೊಂದರವರೆಗೆ ಹೋದನಲ್ಲ ಎಂದು ಸಮಾಧಾನಪಡಬೇಕೋ? ಕಣ್ಣ ಕೆಳಗಿನ ಕಪ್ಪನ್ನು ಅವನು ಬೆಳಕಿನ ತಪ್ಪೆಂದು ತಿಳಿದು ತಿದ್ದಿದನೇ? ಅಥವಾ ಅದು ಏನೆಂದು ತಿಳಿದೇ, ಅದನ್ನು ಹೋಗಲಾಡಿಸಲು ತನಗೆ ಬರುವ ಒಂದೇ ವಿದ್ಯೆಯನ್ನು ಹನ್ನೊಂದು ಸಲ ಮಾಡಿದನೇ? ಅವನಿಗೇ ಗೊತ್ತಿರಲಿಕ್ಕಿಲ್ಲ ಎಂದೂ ಅನಿಸಿತು. ಅನಿಸಿದ್ದರಿಂದ ಏನೂ ಹಗುರವಾಗಲಿಲ್ಲ. ಅವಳು ತಟ್ಟೆಗಳನ್ನು ತೆಗೆದುಕೊಂಡು ಎದ್ದಳು.

ಕಂಪ್ಯೂಟರಿನ ಮುಂದೆ ಬಂದು ಕೂತು, ಅಳಿಸಿದ ಫೋಟೋಗಳನ್ನು ಕೂಡಿ ಹಾಕಿದ್ದ ಪುಟ ತೆರೆದಳು. ಎಲ್ಲವನ್ನೂ ಶಾಶ್ವತವಾಗಿ ತೆಗೆ ಎಂದು ಒತ್ತಿದಳು. ಇದನ್ನು ಮರಳಿ ಪಡೆಯಲಾಗದು, ಖಂಡಿತವೇ ಎಂದು ಅದು ಕೇಳಿತು. ಬಾಣವನ್ನು ಗುಂಡಿಯ ಮೇಲೆ ತಂದಿಟ್ಟು ಬೆರಳು ಊರಿದ್ದಳು, ಆಗ ಫೋನ್ ಬಂತು. ಅಲಿ ಕುಂಞಿ. ಬೆಳಿಗ್ಗೆಯಿಂದ ಮನಸ್ಸಿಗೆ ಸರಿಬರಲಿಲ್ಲವಂತೆ, ತಾನೇ ಅಳಿಸಲು ಹೇಳಿದ್ದಲ್ಲವೇ. ತನ್ನ ಅಳಿಯನ ಹತ್ತಿರ ಎರಡು ದೊಡ್ಡ ಕಾರ್ಡುಗಳಿದ್ದವು, ಕಡಬದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ್ದಾನೆ, ನಾಲ್ಕು ಗಂಟೆಗೆ ಬಸ್‌ಸ್ಟ್ಯಾಂಡಿನಲ್ಲಿ ಕೇಳಿ ಪಡೆಯಬೇಕಂತೆ. ನಾಳೆಯ ಕೆಲಸಕ್ಕೆ ಅದು ಧಾರಾಳ ಸಾಕು. ಡಿಸ್ಕ್ ಬರುವವರೆಗೆ ಏನನ್ನೂ ತೆಗೆಯಬೇಡಿ ಎಂದ.

ಇನ್ನು ತೆಗೆಯಲೇಬೇಕೆಂದಿಲ್ಲ. ತೆಗೆಯದಿರಲೂ ಅವಳಿಗೆ ಕಾರಣ ಸಿಗಲಿಲ್ಲ. ಪರದೆಯ ಪ್ರಶ್ನೆಗೆ ಹೌದೆಂದೂ ಅಲ್ಲವೆಂದೂ ಒತ್ತದೆ, ಅದನ್ನು ಹಾಗೆಯೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದಳು.

ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಬಂತು. ಕಂಡಕ್ಟರ್ ಕಿಸೆಯಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಪೊಟ್ಟಣ ತೆಗೆದು ಕೊಟ್ಟು, ಅಚ್ಚುತಣ್ಣನ ಮನೆಯವರಲ್ಲವೇ, ನಮ್ಮ ಮದುವೆಗೆ ಬಂದಿದ್ದಿರಿ ಎಂದ. ಹೌದೆಂದಳು. ಯಾವ ಮದುವೆಯೆಂದು ತಿಳಿಯಲಿಲ್ಲ. ಅವನ ಮಂಟಪದಲ್ಲೂ ಒಮ್ಮೆ ತಾನೊಬ್ಬಳೇ ನಿಂತಿದ್ದಿರಬೇಕು. ದಾರಿಯಲ್ಲಿ ವತ್ಸಮ್ಮನಿಗೆ ಫೋನು ಮಾಡಿ, ಬುಧವಾರ ಬೆಳಿಗ್ಗೆ ಮಗಳನ್ನೂ ಅಳಿಯನನ್ನೂ ಕರೆದುಕೊಂಡು ಬನ್ನಿ, ಅಷ್ಟರಲ್ಲಿ ಎಲ್ಲ ತಯಾರಿರುತ್ತದೆ ಎಂದು ಹೇಳಿದಳು. ಹೇಳುವಾಗ ತನ್ನ ಸ್ವರ ಎಂದಿನಂತೆಯೇ ಇದ್ದದ್ದಕ್ಕೆ ಅವಳಿಗೆ ಆಶ್ಚರ್ಯವಾಯಿತು.

ಮೆಟ್ಟಿಲು ಹತ್ತಿ ಬಂದಾಗ ಕಂಪ್ಯೂಟರಿನ ಕುರ್ಚಿಯಲ್ಲಿ ಅಚ್ಚುತ ಕೂತಿದ್ದ. ಅಭ್ಯಾಸವಿಲ್ಲದವರು ಕೂರುವಂತೆ ಅಂಚಿನಲ್ಲಿ, ಬೆನ್ನು ನೆಟ್ಟಗೆ. ಅವಳ ಹೆಜ್ಜೆ ಕೇಳಿಸಿತು, ಆದರೆ ತಿರುಗಲಿಲ್ಲ.

"ಎಂತ ಒತ್ತಿದಿರಿ?" ಎಂದು ಅವಳು ಕೇಳಿದಳು.

"ಗೊತ್ತಿಲ್ಲ. ಎಂತದೋ ಕೇಳ್ತಾ ಇತ್ತು. ಬೇಡ ಹೇಳಿದೆ."

ಪರದೆಯ ಮೇಲೆ ಅವಳಿದ್ದಳು, ಯಾವುದೋ ಹೊಸ ಮನೆಯ ಹೊಸ್ತಿಲಲ್ಲಿ, ಮಾವಿನೆಲೆಯ ತೋರಣದ ಕೆಳಗೆ. ಅಚ್ಚುತ ತೋರುಬೆರಳೊಂದನ್ನೇ ಮುಂದೆ ಮಾಡಿ ಬಾಣದ ಗುಂಡಿಯನ್ನು ಒತ್ತಿದ. ಇನ್ನೊಂದು ಬಂತು. ಅದನ್ನು ಬಹಳ ಹೊತ್ತು ನೋಡಿದ. ಮತ್ತೆ ಒತ್ತಿದ. ನಾಲ್ಕು ಸಾವಿರವನ್ನೂ ಹೀಗೆ ಒಂದೊಂದಾಗಿ ನೋಡಿದರೆ ಎಷ್ಟು ದಿನ ಬೇಕೋ. ಅವನು ಬೆಳಕು ನೋಡುತ್ತಿದ್ದನೋ ಬೇರೆ ಏನನ್ನೋ, ಹಿಂದಿನಿಂದ ಅವಳಿಗೆ ತಿಳಿಯುವಂತಿರಲಿಲ್ಲ. ಪಡುವಣ ಕಿಟಕಿಯಿಂದ ಇಳಿಬಿಸಿಲು ನೇರವಾಗಿ ಗಾಜಿಗೆ ಬಡಿದು ಅರ್ಧ ಚಿತ್ರವನ್ನು ನುಂಗಿತ್ತು. ಅವನು ಎಡಗೈಯನ್ನು ಪರದೆಗೆ ಮರೆ ಹಿಡಿದುಕೊಂಡಿದ್ದ.

ನೀಲಾವತಿ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಕಿಟಕಿಯ ಹತ್ತಿರ ಹೋಗಿ ಕರ್ಟನ್ ಎಳೆದಳು. ಅದರ ಕೊನೆಯ ಕೊಕ್ಕೆ ಕಳಚಿತ್ತು, ಕೈ ಬಿಟ್ಟರೆ ಹಿಂದೆ ಜಾರಿ ಬಿಸಿಲು ಮತ್ತೆ ಒಳಗೆ ಬರುತ್ತಿತ್ತು. ಅಚ್ಚುತ ಕೈ ಕೆಳಗಿಳಿಸಿ ಮುಂದಿನದನ್ನು ಒತ್ತಿದ. ಅವಳು ಕರ್ಟನಿನ ಅಂಚನ್ನು ಗೋಡೆಗೆ ಒತ್ತಿ ಹಿಡಿದುಕೊಂಡು ಅಲ್ಲೇ ನಿಂತಳು.